ಲ್ಯಾಪ್‌ಟಾಪಿಗೆ ಬೇರೆಯವರ ಬೆನ್ನು

“ಅಮ್ಮಾ, ಅಪ್ಪ ಯಾಕೆ ಲ್ಯಾಪ್‌ಟಾಪನ್ನ ಬೋರಲು ಮಲಗಿಸ್ಕೊಂಡು ಭೂತಗನ್ನಡೀಲಿ ಅದರ ಬೆನ್ನು ನೋಡ್ತಿದಾರೆ? ಅದಕ್ಕೂ ಬೆವರುಸಾಲೆ ಆಗಿದ್ಯಾ?”

ಆರು ವರ್ಷದ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ಆಗಲೇ ನೀರಿತ್ತು, ಒಳ್ಳೆಯದೇ ಆಯಿತು. ಯಾಕೆಂದರೆ ಮರುಕ್ಷಣವೇ ನನ್ನ ಮುಖದ ಬಣ್ಣ ಬದಲಾದದ್ದು ಈರುಳ್ಳಿಯ ಲೆಕ್ಕಕ್ಕೆ ಹೋಯಿತು.

ನನ್ನ ಯಜಮಾನರು ನೋಡುತ್ತಿದ್ದ ಆ ಬೆನ್ನು ನಮ್ಮ ಲ್ಯಾಪ್‌ಟಾಪಿನದ್ದಲ್ಲ! ಈ ಸತ್ಯ ಇಡೀ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು. ಇನ್ನೊಬ್ಬರು ಬೀದಿಯ ತಿರುವಿನಲ್ಲಿರುವ ಕಂಪ್ಯೂಟರ್ ಬಿಡಿಭಾಗದ ಅಂಗಡಿಯವರು.

ನಡೆದದ್ದು ಇಷ್ಟು. ಎಂಟು ತಿಂಗಳ ಹಿಂದೆ ಒಂದು ಸಂಜೆ, ಮಗಳ ಶಾಲೆಯ ಅರ್ಜಿ ತುಂಬುತ್ತಾ ಲ್ಯಾಪ್‌ಟಾಪನ್ನು ಕೂಸಿನಂತೆ ಎಡಗೈಯಲ್ಲಿ ಹೊತ್ತು ಅಡುಗೆ ಮಾಡುತ್ತಿದ್ದೆ. ಬಚ್ಚಲಿನಿಂದ “ಅಮ್ಮಾ, ಕಣ್ಣಿಗೆ ಸೋಪು!” ಎಂಬ ಆರ್ತನಾದ. ಕೈಯಲ್ಲಿದ್ದದ್ದನ್ನು ಹತ್ತಿರ ಕಂಡ ಸಮತಟ್ಟಾದ ಜಾಗದ ಮೇಲಿಟ್ಟು ಓಡಿದೆ. ಆ ಸಮತಟ್ಟಾದ ಜಾಗ, ಆಗತಾನೆ ಆರಿಸಿದ ಒಲೆ! ಮರಳಿ ಬರುವಷ್ಟರಲ್ಲಿ ಕಬ್ಬಿಣದ ಜಾಲರಿ ತನ್ನ ಹಸ್ತಾಕ್ಷರವನ್ನು ಲ್ಯಾಪ್‌ಟಾಪಿನ ಬೆನ್ನಿನ ಮೇಲೆ ಚೆನ್ನಾಗಿಯೇ ಮೂಡಿಸಿತ್ತು.

ಯಜಮಾನರು ಮೂರು ದಿನದ ತರಬೇತಿಗೆಂದು ಪರವೂರಿಗೆ ಹೋಗಿದ್ದರು. ದೇವರು ದೊಡ್ಡವನು. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಓಡಿದೆ.

“ಅಕ್ಕಾ, ಒಳಗಡೆ ಏನೂ ಆಗಿಲ್ಲ, ಗಟ್ಟಿ ಪಿಂಡ,” ಎಂದರು ಅಂಗಡಿಯವರು, ಬಿಚ್ಚಿ ನೋಡಿ. “ಬೆನ್ನು ಮಾತ್ರ ಹೋಗಿದೆ. ಇದಾದ್ಮೇಲೆ ಬಂದ ತಮ್ಮ ಮಾಡೆಲ್ಲೊಂದು ನನ್ನ ಹತ್ರ ಸತ್ತು ಬಿದ್ದಿದೆ. ಅದರ ಬೆನ್ನು ಹಾಕಿಕೊಡ್ತೀನಿ. ಅಳತೆ ಒಂದೇ, ಬಣ್ಣ ಒಂದೇ. ಹೆತ್ತ ತಾಯಿಗೂ ಗುರುತು ಸಿಗಲ್ಲ.”

“ಅಣ್ಣಾ, ನಮ್ಮನೆಯವ್ರಿಗೆ ಮಾತ್ರ…”

“ಬಿಡಿ ಅಕ್ಕಾ. ಇದಕ್ಕೆ ಎಂಟು ಸ್ಕ್ರೂ. ಒಂಬತ್ತನೇದನ್ನ ನನ್ನ ಬಾಯಿಗೆ ಹಾಕ್ಕೊಂಡೆ ಅಂತ ತಿಳ್ಕೊಳ್ಳಿ.”

ಗಂಡನಿಂದ ಯಾಕೆ ಮುಚ್ಚಿಟ್ಟೆ ಎಂದು ನೀವು ಕೇಳಬಹುದು. ನನ್ನ ಗಂಡ ಬೈಯುವ ಜಾತಿಯವರಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಅವರು ತನಿಖೆ ಮಾಡುವವರು. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಬೀದಿಯಲ್ಲಿ ಎಲ್ಲರೂ ಕರೆಯುವುದು ‘ತಕ್ಕಡಿ ಸಾಹೇಬ್ರು’ ಎಂದೇ. ಒಂದು ಸಲ ನನ್ನ ಕೈಯಿಂದ ಗಾಜಿನ ಲೋಟ ಜಾರಿದ್ದಕ್ಕೆ ಮೇಜಿನ ಎತ್ತರ, ಲೋಟದ ತೂಕ, ನನ್ನ ಕೈಯಲ್ಲಿದ್ದ ಎಣ್ಣೆಯ ಜಿಡ್ಡು ಇಷ್ಟನ್ನೂ ಬರೆದುಕೊಂಡು, “ಲೋಟದ್ದೇನೂ ತಪ್ಪಿಲ್ಲ ಕಣೇ,” ಎಂದು ತೀರ್ಪು ಕೊಟ್ಟ ಮಹಾನುಭಾವರು. ಅಂಥವರ ಕೈಗೆ ಸುಟ್ಟ ಲ್ಯಾಪ್‌ಟಾಪ್ ಕೊಡಲೇ? ತರಬೇತಿಯಿಂದ ಬಂದವರು ಮೂಗರಳಿಸಿ, “ಏನೋ ಟೈರ್ ಸುಟ್ಟ ವಾಸನೆ?” ಎಂದಾಗ, “ಹೊಸ ಸೋಪು ರೀ,” ಎಂದು ಗೆದ್ದಿದ್ದೆ. ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ದಿನಚರಿಯಲ್ಲಿ ನನಗೆ ನಾನೇ ಒಂದು ಶಹಬ್ಬಾಸ್‌ಗಿರಿಯನ್ನೂ ಬರೆದುಕೊಂಡಿದ್ದೆ.

ಈಗ ಎಂಟು ತಿಂಗಳ ಮೇಲೆ ಆ ಬೆನ್ನಿಗೆ ಭೂತಗನ್ನಡಿ ಬಂದದ್ದು ನನ್ನಿಂದಲೇ.

ಮಗಳು ಹುಟ್ಟುವ ಮೊದಲು ನಾನು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡುತ್ತಿದ್ದೆ. ಆರು ವರ್ಷ ಬಿಟ್ಟ ಮೇಲೆ ಮತ್ತೆ ಕೈ ಕುದುರಿಸೋಣವೆಂದು ಒಬ್ಬ ಪ್ರಕಾಶಕಿಗೆ ಬರೆದೆ. ಆ ಮಹಾತಾಯಿ ಹುಳುಗಳ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಕಳಿಸಿ, “ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪುಟಗಳು ನನ್ನ ಮುಂದಿರಬೇಕು. ಚೆನ್ನಾಗಿದ್ರೆ ಮುಂದಿನದೂ ನಿಮ್ಮದೇ. ಇಲ್ಲದಿದ್ರೆ ಬೇಜಾರು ಮಾಡ್ಕೋಬೇಡಿ,” ಎಂದಿದ್ದರು. ನಲವತ್ತು ಪುಟ, ಪುಟಕ್ಕೊಂದು ದೊಡ್ಡ ಬಣ್ಣದ ಹುಳು.

ನಮ್ಮ ಲ್ಯಾಪ್‌ಟಾಪೋ, ಹುಳು ಕಂಡರೆ ಮೂರ್ಛೆ ಹೋಗುವಂಥದು! ಒಂದು ಜೀರುಂಡೆಯ ಚಿತ್ರದ ಮೇಲೆ ಒತ್ತಿ, ಹೋಗಿ ಪಾತ್ರೆ ತೊಳೆದು, ಬಟ್ಟೆ ಒಣಗಿಸಿ, ಮಗಳಿಗೆ ಜಡೆ ಹಾಕಿ ಬಂದರೆ ಜೀರುಂಡೆಯ ಮೀಸೆ ಬಂದಿರುತ್ತಿತ್ತು. ಮೈ ಬರಲು ಇನ್ನೊಂದು ಜಡೆ ಹಾಕಬೇಕು. ಗುರುವಾರದ ಹೊತ್ತಿಗೆ ನನ್ನ ಸಾಧನೆ ಮೂರು ಪುಟ, ಎರಡೂವರೆ ಹುಳು.

“ಹೊಸದು ತಗೊಂಡ್ಬಿಡೋಣ್ವಾ?” ಎಂದೆ, ಬಾಯಿತಪ್ಪಿ.

“ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಕಣೇ,” ಎಂದರು ಯಜಮಾನರು. “ಇದನ್ನೇ ಕುದುರೆ ಮಾಡ್ತೀನಿ ನೋಡು. ಭಾಗ ಬದಲಾಯಿಸಿದ್ರಾಯ್ತು. ಇಡೀ ಪೇಟೆಯ ತಕ್ಕಡಿ ಸರಿಮಾಡಿದೋನಿಗೆ ಇದೊಂದು ಲೆಕ್ಕವಾ? ಈ ಮನೆಯೊಳಗೆ ಬರೋ ಒಂದೊಂದು ಸ್ಕ್ರೂನೂ ಪರಿಶೀಲನೆ ಆಗೇ ಬರೋದು!”

ಅಂದು ಸಂಜೆಯೇ ಊಟದ ಮೇಜಿನ ಮೇಲೆ ಮಹಾಸಭೆ. ಅಧ್ಯಕ್ಷರು ಅವರು, ಸದಸ್ಯೆ ನಾನು, ವೀಕ್ಷಕಿ ಮಗಳು. ಗೆರೆ ಹಾಕಿದ ಹಾಳೆಯಲ್ಲಿ ಮೂರು ಮನೆ: ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ. ಒಂದೊಂದಕ್ಕೂ ಅಂಕ.

“ನಮ್ಮ ಹತ್ರ ಇರೋ ದುಡ್ಡಿಗೆ ಒಂದೂವರೆ ಸಾಮಾನು ಬರುತ್ತೆ.”

“ಅರ್ಧ ಬ್ಯಾಟರಿ ಯಾರು ಕೊಡ್ತಾರ್ರೀ?”

“ಅದಕ್ಕೇ ಯೋಚನೆ ಮಾಡಿ ಆರಿಸ್ಬೇಕು ಅನ್ನೋದು. ಈಗ ನೋಡು. ರ‍್ಯಾಮ್ ಅಂದ್ರೆ ನಿನ್ನ ಅಡುಗೆ ಕಟ್ಟೆ. ಹಾರ್ಡ್ ಡಿಸ್ಕ್ ಅಂದ್ರೆ ಉಗ್ರಾಣ. ನಿನ್ನ ಹುಳುಗಳೆಲ್ಲ ಉಗ್ರಾಣದಿಂದ ಎದ್ದು ಬಂದು ಕಟ್ಟೆ ಮೇಲೆ ಕೂತ್ಕೋಬೇಕು. ಕಟ್ಟೆ ಚಿಕ್ಕದಾದ್ರೆ ಏನಾಗುತ್ತೆ?”

“ಅಮ್ಮ ಕಿರುಚ್ತಾಳೆ,” ಎಂದಳು ಮಗಳು.

“ಉಗ್ರಾಣದ ಬಾಗಿಲು ತೆಗೆಯೋಕೇ ಹತ್ತು ನಿಮಿಷ ಹಿಡಿಯುತ್ತಲ್ರೀ? ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ಬಾಗಿಲು ತಟ್ ಅಂತ ತೆಗೆಯುತ್ತಂತೆ. ಎಲ್ಲರೂ ಮೊದಲು ಅದನ್ನೇ ಹಾಕ್ಸಿ ಅಂತಾರೆ.”

“ಎಲ್ಲರೂ ಅಂದ್ರೆ ಯಾರು? ಅವರ ಹೆಸರು, ವಿಳಾಸ?”

ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯುವುದು ಯಾವ ಸಂಸಾರದಲ್ಲಿ ಇಲ್ಲ? ಅಳೆದೂ ಸುರಿದೂ ರ‍್ಯಾಮ್‌ಗೆ ಎಂಬತ್ತೆರಡು ಅಂಕ ಬಂತು. ಎಸ್‌ಎಸ್‌ಡಿ ಮುಂದಿನ ವರ್ಷದ ಯೋಜನೆಗೆ ಹೋಯಿತು. ಬ್ಯಾಟರಿ ಅನುತ್ತೀರ್ಣ.

ಇನ್ನು ಯಾವ ಜಾತಿಯ ರ‍್ಯಾಮ್ ಎಂದು ತಿಳಿಯಲು ಲ್ಯಾಪ್‌ಟಾಪಿನ ಮಾಡೆಲ್ ನಂಬರು ಬೇಕು. ಅದಕ್ಕಾಗಿಯೇ ಲ್ಯಾಪ್‌ಟಾಪ್ ಬೋರಲಾದದ್ದು, ಭೂತಗನ್ನಡಿ ಬಂದದ್ದು, ಮಗಳಿಗೆ ಬೆವರುಸಾಲೆಯ ಅನುಮಾನ ಹುಟ್ಟಿದ್ದು!

ನಾನು ಈರುಳ್ಳಿ ಕೈಯಲ್ಲೇ ಹೊರಗೆ ಬಂದೆ. ಅವರು ಬೆನ್ನಿನ ಮೂಲೆಯಲ್ಲಿ ಅಂಟಿಸಿದ್ದ ಚೀಟಿಯನ್ನು ಅಕ್ಷರ ಅಕ್ಷರವಾಗಿ ನೋಟುಬುಕ್ಕಿಗೆ ಇಳಿಸುತ್ತಿದ್ದರು. ಸುಟ್ಟ ಗುರುತು ಹುಡುಕುತ್ತಿಲ್ಲ, ಬರೀ ಚೀಟಿ ಓದುತ್ತಿದ್ದಾರೆ ಎಂದು ಕಂಡು ನನಗೆ ಹೋದ ಜೀವ ಬಂತು. ಚೀಟಿಯಲ್ಲಿ ಏನಿದ್ದರೇನು, ಚೀಟಿಗೆ ಯಾರು ಹೆದರುತ್ತಾರೆ! ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ.

“ಅದನ್ನೇ ಆನ್ ಮಾಡಿದ್ರೆ ಸೆಟ್ಟಿಂಗ್ಸಲ್ಲಿ ಅದೇ ಹೇಳುತ್ತಂತಲ್ರೀ, ನಾನು ಇಂಥ ಮಾಡೆಲ್ಲು ಅಂತ?” ಎಂದೆ, ಸುಮ್ಮನೆ ಮಾತಿಗೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಬಿಸ್ಕತ್ತಿನ ಪೊಟ್ಟಣ ತೂಗೋವಾಗ ‘ನೀನೆಷ್ಟು ಗ್ರಾಂ ಇದೀಯಪ್ಪ?’ ಅಂತ ಬಿಸ್ಕತ್ತನ್ನೇ ಕೇಳ್ತೀವೇನೇ? ಪರದೆ ಮೇಲೆ ಬರೋದು ಬರೀ ಮಾತು. ಅಂಟಿಸಿರೋದು ದಾಖಲೆ! ಲೇಬಲ್ ಯಾವತ್ತೂ ಸುಳ್ಳು ಹೇಳಲ್ಲ. ಹೇಳಿದ್ರೆ ದಂಡ ಬೀಳುತ್ತೆ.”

ಶುಕ್ರವಾರ ಸಂಜೆ ಅಪ್ಪ, ಮಗಳು ಕೈ ಕೈ ಹಿಡಿದು ಅಂಗಡಿಗೆ ಹೋದರು. ಯಾವ ಅಂಗಡಿಗೆ? ಅದೇ ಅಂಗಡಿಗೆ! ನಾನು ಅವರು ಬರುವವರೆಗೂ ಮನೆಯಲ್ಲಿ, ಮನಸ್ಸಿನಲ್ಲೇ ಆ ಅಣ್ಣನ ಒಂಬತ್ತನೇ ಸ್ಕ್ರೂವನ್ನು ಬಿಗಿ ಮಾಡುತ್ತಾ ಕೂತಿದ್ದೆ.

ಬಂದರು. ರ‍್ಯಾಮ್ ಬಂದಿತ್ತು, ಒಂದು ಬೆರಳುದ್ದದ ಹಸಿರು ಕಡ್ಡಿ, ಪೊಟ್ಟಣದೊಳಗೆ. ಅದರ ಜೊತೆಗೆ ಒಂದು ದೊಡ್ಡ ಪೆಟ್ಟಿಗೆ.

“ಇದೇನ್ರೀ?”

“ಮೂವತ್ತೆರಡು ತಲೆಯ ಸ್ಕ್ರೂಡ್ರೈವರ್. ಉಳಿದ ಅರ್ಧ ದುಡ್ಡಿಗೆ.”

“ನಮ್ಮ ಲ್ಯಾಪ್‌ಟಾಪಲ್ಲಿ ಇರೋದು ಒಂದೇ ತರ ಸ್ಕ್ರೂ.”

“ಉಳಿದ ಮೂವತ್ತೊಂದು ಮುಂದಕ್ಕೆ ಆಗುತ್ತೆ.”

ಮಗಳು ನನ್ನ ಸೆರಗು ಜಗ್ಗಿದಳು. “ಅಮ್ಮಾ, ಅಂಗಡಿ ಮಾಮ ಮೂರು ಸಲ ಹೇಳಿದ್ರು. ‘ಸಾರ್, ಮೆಷಿನ್ನೇ ತಗೊಂಡು ಬನ್ನಿ, ಒಳಗೆ ನೋಡಿ ಕೊಡ್ತೀನಿ’ ಅಂತ. ಅಪ್ಪ ಆಗಲ್ಲ ಅಂದ್ರು. ಆಮೇಲೆ ‘ಮನೇಲಿ ಅಕ್ಕನ್ನ ಒಂದ್ಮಾತು ಕೇಳ್ಕೊಂಡು ಬನ್ನಿ’ ಅಂದ್ರು.”

“ಅದಕ್ಕೆ ಅಪ್ಪ ಏನಂದ್ರು?”

“‘ತಾಂತ್ರಿಕ ವಿಷಯದಲ್ಲಿ ಅವಳನ್ನೇನು ಕೇಳೋದು’ ಅಂದ್ರು.”

ಅದನ್ನು ಕೇಳಿ ನನಗೆ ಸಿಟ್ಟು ಬಂತೇ ಹೊರತು ಬುದ್ಧಿ ಬರಲಿಲ್ಲ. ಪಾಪ, ಆ ಅಣ್ಣನಾದರೂ ಹೆಂಗಸರ ಮಾತಿಗೆ ಬೆಲೆ ಕೊಡುತ್ತಾರಲ್ಲ ಎಂದುಕೊಂಡೆ. ಅವರು ಬಾಯಿಯ ಸ್ಕ್ರೂ ಬಿಚ್ಚದೆಯೇ ನನಗೆ ಕೂಗಿ ಹೇಳುತ್ತಿದ್ದಾರೆ ಎಂದು ಹೊಳೆಯಲೇ ಇಲ್ಲ.

ಶನಿವಾರ ಮಧ್ಯಾಹ್ನ ಶಸ್ತ್ರಚಿಕಿತ್ಸೆ. ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಬಿಚ್ಚಿದ ಎಂಟು ಸ್ಕ್ರೂಗಳಿಗೆ ಮೊಟ್ಟೆಯ ಟ್ರೇನಲ್ಲಿ ಎಂಟು ಗುಳಿ, ಒಂದೊಂದಕ್ಕೂ ನಂಬರು. ನರ್ಸ್ ಮಗಳು. ನನ್ನ ಕೆಲಸ ಟಾರ್ಚು ಹಿಡಿಯುವುದು. ಹುಳುಗಳ ಪುಸ್ತಕದಲ್ಲಿ ಇನ್ನೂ ಮೂವತ್ತೇಳು ಪುಟ ಬಾಕಿ, ಕೈಯಲ್ಲಿ ಇರುವುದು ಒಂದೂವರೆ ದಿನ. ನಾನು ಟಾರ್ಚು ಹಿಡಿದದ್ದು ಅಖಂಡ ಜ್ಯೋತಿ ಹಿಡಿದಂತೆ!

ಬೆನ್ನು ಬಿಚ್ಚಿ ಬಂತು. ಹಳೆಯ ಕಡ್ಡಿ ಬಂತು. ಹೊಸ ಕಡ್ಡಿ ಒಳಗೆ ಹೋಯಿತು. ಹೋಗಲಿಲ್ಲ. ಮತ್ತೆ ಹೋಯಿತು. ಊಹೂಂ! ಕಡ್ಡಿಯ ನಡುವೆ ಒಂದು ಕಚ್ಚು ಇರುತ್ತದೆ, ಗೂಡಿನಲ್ಲಿ ಒಂದು ಹಲ್ಲು ಇರುತ್ತದೆ. ಹಲ್ಲು ಕಚ್ಚಿನೊಳಗೆ ಕೂರಬೇಕು. ಇಲ್ಲಿ ಎರಡಕ್ಕೂ ನಡುವೆ ಒಂದು ಅಕ್ಕಿಕಾಳಿನಷ್ಟು ಮನಸ್ತಾಪ.

“ಒತ್ತಿ ನೋಡ್ರೀ.”

“ಒತ್ತಿದೀನಿ.”

“ತಿರುಗಿಸಿ ನೋಡ್ರೀ.”

“ತಿರುಗಿಸಿದೀನಿ.”

“ಹಾಗಾದ್ರೆ ಬೈದು ನೋಡ್ರೀ.”

ಅವರು ನೆಟ್ಟಗೆ ನಿಂತರು. ಮುಖದಲ್ಲಿ ನನ್ನ ಗಂಡ ಮಾಯವಾಗಿ ಇನ್ಸ್‌ಪೆಕ್ಟರ್ ಬಂದರು. “ಮೋಸ! ಲೇಬಲ್ಲಿಗೂ ಮಾಲಿಗೂ ತಾಳೆ ಇಲ್ಲ! ನನಗೇ ಈ ತರ ಮಾಡಿದ ಅಂದ್ರೆ ಪಾಪದ ಜನರ ಗತಿ ಏನು?” ಎಂದವರೇ ಫೋನು ತೆಗೆದು ಇಲಾಖೆಯ ದೂರು ಪೆಟ್ಟಿಗೆಗೆ ಟಕಟಕನೆ ಏನೋ ಬರೆದು ಕಳಿಸಿದರು. ಆಮೇಲೆ ಲ್ಯಾಪ್‌ಟಾಪಿನ ಬೆನ್ನನ್ನು ಚೀಟಿಯ ಸಮೇತ ಗುರಾಣಿಯಂತೆ ಕಂಕುಳಲ್ಲಿ ಇರುಕಿಕೊಂಡು, ಹಸಿರು ಕಡ್ಡಿಯನ್ನು ಕತ್ತಿಯಂತೆ ಹಿಡಿದು, ಯುದ್ಧಕ್ಕೆ ಹೊರಟೇಬಿಟ್ಟರು. ಬಾಗಿಲು ಧಡಾರೆಂದಿತು.

ಮೇಜಿನ ಮೇಲೆ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಮಗಳಿಗೆ ಈಗಷ್ಟೇ ಓದು ಬರೆಹದ ಹುಚ್ಚು ಹತ್ತಿದೆ, ಕಂಡದ್ದನ್ನೆಲ್ಲ ಓದುತ್ತಾಳೆ. ಒಳಗಿನ ಹಲಗೆಯ ಮೇಲೆ ಇನ್ನೊಂದು ಪುಟಾಣಿ ಚೀಟಿ ಅವಳ ಕಣ್ಣಿಗೆ ಬಿತ್ತು. ಅಪ್ಪನ ನೋಟುಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಓದತೊಡಗಿದಳು.

“ಅಮ್ಮಾ, ಇಲ್ಲಿ ಕೊನೇಲಿ ಆರು ಇದೆ. ಅಪ್ಪನ ಬುಕ್ಕಲ್ಲಿ ಎಂಟು ಇದೆ. ಅಪ್ಪ ತಪ್ಪು ಬರ್ಕೊಂಡಿದಾರಾ?”

ಆಗ, ಆಗ ನೋಡಿ, ನನ್ನ ತಲೆಯೊಳಗೆ ಎಂಟು ತಿಂಗಳಿಂದ ತೂಕಡಿಸುತ್ತಿದ್ದ ದೀಪ ಹತ್ತಿಕೊಂಡಿತು! ಅಪ್ಪ ತಪ್ಪು ಬರೆದುಕೊಂಡಿರಲಿಲ್ಲ. ಚೀಟಿಯಲ್ಲಿದ್ದದ್ದನ್ನೇ ಬರೆದುಕೊಂಡಿದ್ದರು. ಚೀಟಿ ಆ ಸತ್ತ ತಮ್ಮ ಮಾಡೆಲ್ಲಿನದು, ಹೊಟ್ಟೆ ಅಣ್ಣ ಮಾಡೆಲ್ಲಿನದು. ತಮ್ಮನಿಗೆ ಹೊಸ ಜಾತಿಯ ಕಡ್ಡಿ, ಅಣ್ಣನಿಗೆ ಹಳೆಯದು. ಊರಿನ ಲೇಬಲ್ಲುಗಳನ್ನೆಲ್ಲ ಕಾಯುವ ಮನುಷ್ಯನ ಊಟದ ಮೇಜಿನ ಮೇಲೇ ಎಂಟು ತಿಂಗಳಿಂದ ಸುಳ್ಳು ಲೇಬಲ್ಲು. ಅಂಟಿಸಿದವಳು ಧರ್ಮಪತ್ನಿ!

ನಾನೂ ಮನಸ್ಸಿನಲ್ಲೇ ಮೂರು ಮನೆಯ ಪಟ್ಟಿ ಹಾಕಿದೆ. ಒಂದು: ಸುಮ್ಮನಿರುವುದು. ಎರಡು: ಆ ಒಳಗಿನ ಚೀಟಿಯನ್ನು ಕಿತ್ತು ನುಂಗುವುದು. ಮೂರು: ನಿಜ ಹೇಳುವುದು. ಮೊದಲನೆಯದಕ್ಕೆ ತೊಂಬತ್ತು ಅಂಕ ಕೊಡಲು ಪೆನ್ನೆತ್ತಿದ್ದೆ. ಅಷ್ಟರಲ್ಲಿ ಆ ಅಂಗಡಿಯವರ ಮುಖ ಕಣ್ಣೆದುರು ಬಂತು. ಇವರು ಅಲ್ಲಿ ಗುಡುಗುತ್ತಿರುತ್ತಾರೆ. ಅವರು ಬಾಯಿ ಬಿಗಿದುಕೊಂಡು ನಿಂತಿರುತ್ತಾರೆ, ನನಗೆ ಕೊಟ್ಟ ಮಾತಿಗೆ. ಇನ್ಸ್‌ಪೆಕ್ಟರ್ ಮೋಸ ಅಂತ ಬರೆದರೆ ಅಂಗಡಿಯ ಪರವಾನಗಿಯೇ ಹೋಗಬಹುದು.

“ಚಪ್ಪಲಿ ಹಾಕ್ಕೋ!” ಎಂದೆ ಮಗಳಿಗೆ.

ಓಡಿದೆವು. ಬೀದಿಯಲ್ಲಿ ಜನ ಯಾಕೆ ಇಷ್ಟು ಗೌರವದಿಂದ ದಾರಿ ಬಿಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ನನ್ನ ಕೈಯಲ್ಲಿ ಸ್ಕ್ರೂಡ್ರೈವರ್!

ಅಂಗಡಿ ಎಂದರೆ ಎರಡಾಳು ಅಗಲದ ಓಣಿ. ಎರಡೂ ಕಡೆ ಗೋಡೆಗೆ ಕೀಬೋರ್ಡುಗಳನ್ನು ನೇತುಹಾಕಿದ್ದರು. ಒಬ್ಬರು ಪ್ರಿಂಟರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಟ್ಟಿ ನಾಟಕ ನೋಡುವ ಸಂತೋಷದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನಮ್ಮ ತಕ್ಕಡಿ ಸಾಹೇಬರ ಭಾಷಣ ಉತ್ತುಂಗಕ್ಕೇರಿತ್ತು.

“ಈ ಬೀದಿಯ ಒಂದೊಂದು ತಕ್ಕಡಿಗೂ ಮುದ್ರೆ ಹಾಕಿರೋ ಕೈ ಇದು! ಈ ಲೇಬಲ್ ಓದಿ! ಏನಿದೆ? ಕೊನೇಲಿ ಎಂಟು! ನೀವು ಕೊಟ್ಟಿದ್ದು ಎಂಟಕ್ಕೆ ಕೂರೋ ಕಡ್ಡಿನಾ?”

“ಎಂಟಕ್ಕೆ ಕೂರೋದೇ ಸಾರ್.”

“ಮತ್ತೆ ಯಾಕೆ ಕೂರ್ಲಿಲ್ಲ?”

ಅಂಗಡಿಯವರು ಚಾವಣಿ ನೋಡಿದರು. “ತಪ್ಪು ನಂದೇ ಅಂತಿಟ್ಕೊಳ್ಳಿ ಸಾರ್.”

“ಇಟ್ಕೊಳ್ಳೋದಲ್ಲ, ಬರ್ಕೊಡಿ! ‘ಬೇರೆ ಮಾಲು ಕೊಟ್ಟಿದ್ದೇನೆ’ ಅಂತ ಬರೆದು ಸಹಿ ಹಾಕಿ!”

ಅವರು ನಿಜವಾಗಿಯೂ ಪೆನ್ನು ತೆಗೆದುಕೊಂಡರು! ನಾನು ನಿಜ ಹೇಳಬೇಕೆಂದೇ ಬಂದವಳು, ಬಾಯಿ ತೆರೆದರೆ ಹೊರಗೆ ಬಂದದ್ದು ಇದು: “ರೀ, ಬೇಗ ಮನೆಗೆ ಬನ್ನಿ, ಮಗೂಗೆ ಜ್ವರ!”

“ನಂಗಾ?” ಎಂದಳು ಮಗಳು, ಪಕ್ಕದಲ್ಲೇ ನಿಂತು, ಒಂದು ಕೀಬೋರ್ಡಿನ ಗುಂಡಿ ಒತ್ತುತ್ತಾ.

ಯಜಮಾನರು ಅವಳ ಹಣೆ ಮುಟ್ಟಿದರು. “ತಣ್ಣಗಿದೆಯಲ್ಲೇ.”

“ಬರೋ ಹಾಗಿದೆ!”

“ಅಮ್ಮಂಗೆ ಬಂದಿರ್ಬೇಕು ಅಪ್ಪ. ಓಡಿ ಬಂದ್ಳು, ಬೆವರ್ತಿದಾಳೆ.”

ಅಂಗಡಿಯವರು ಆಗ ನನ್ನ ಕಡೆ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ‘ಅಕ್ಕಾ, ಸಹಿ ಹಾಕ್ಬಿಡ್ಲಾ?’ ಎಂದು ಅಪ್ಪಣೆ ಕೇಳಿದ ಹಾಗಿತ್ತು ಅಷ್ಟೇ. ಸಿಟ್ಟು ಮಾಡಿದ್ದರೆ ಇನ್ನೂ ಎರಡು ಸುಳ್ಳು ಹೇಳುತ್ತಿದ್ದೆನೇನೋ! ಆ ನೋಟಕ್ಕೆ ತಡೆಯಲಾಗಲಿಲ್ಲ.

“ಆ ಬೆನ್ನು ಅದರದ್ದಲ್ಲ!” ಎಂದೆ.

“ಯಾವ ಬೆನ್ನು? ಯಾರ ಬೆನ್ನು?”

“ನಿಮ್ಮ ಕಂಕುಳಲ್ಲಿರೋದು! ಅದು ಬೇರೆ ಲ್ಯಾಪ್‌ಟಾಪಿಂದು. ನಮ್ಮದು ಸುಟ್ಟುಹೋಗಿತ್ತು. ನಾನೇ ಒಲೆ ಮೇಲೆ ಇಟ್ಟಿದ್ದೆ. ಈ ಅಣ್ಣ ಬದಲಾಯಿಸಿಕೊಟ್ರು. ನಿಮಗೆ ಹೇಳ್ಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ. ಅವರದೇನೂ ತಪ್ಪಿಲ್ಲ!”

ಪ್ರಿಂಟರಿನವರು ಪ್ರಿಂಟರನ್ನು ನೆಲಕ್ಕಿಳಿಸಿ ಮುಂದಕ್ಕೆ ಬಾಗಿದರು.

“ಓಹೋ!” ಮಗಳು ಚಪ್ಪಾಳೆ ತಟ್ಟಿದಳು. “ಅವತ್ತು ಟೈರ್ ವಾಸನೆ ಬಂತಲ್ಲ, ಅದಾ? ಸೋಪಿಂದು ಅಂದಿದ್ಯಲ್ಲಮ್ಮಾ! ಆ ಸೋಪು ನಾನು ಎಷ್ಟು ಸಲ ಮೂಸಿದೀನಿ ಗೊತ್ತಾ!”

ಇಂಥ ಸಾಕ್ಷಿ ಇರುವಾಗ ಆರೋಪಿಗೆ ವಕೀಲರು ಯಾಕೆ ಬೇಕು?

ಯಜಮಾನರು ಕಂಕುಳಿನ ಬೆನ್ನನ್ನು ತೆಗೆದರು. ಚೀಟಿಯನ್ನು ಇನ್ನೊಮ್ಮೆ ಓದಿದರು. ಅವರ ಮುಖ ನೋಡಲಾಗಲಿಲ್ಲ. ಹನ್ನೆರಡು ವರ್ಷದ ನೌಕರಿಯುದ್ದಕ್ಕೂ ಲೇಬಲ್ಲನ್ನು ನಂಬಿ ಬಾಳಿದವರು. ಅಂಗಡಿಯವರ ಕಡೆ ತಿರುಗಿ ಕೇಳಿದರು.

“ನಿಮಗೆ ಗೊತ್ತಿತ್ತಾ?”

“ನಿನ್ನೆ ನೀವು ನಂಬರು ಓದಿದಾಗ್ಲೇ ಗೊತ್ತಾಯ್ತು ಸಾರ್. ಅದಕ್ಕೇ ಮೆಷಿನ್ ತನ್ನಿ ಅಂತ ಬಡ್ಕೊಂಡೆ.”

“ನೇರವಾಗಿ ಹೇಳ್ಬಾರ್ದಿತ್ತಾ?”

“ಅಕ್ಕಂಗೆ ಮಾತು ಕೊಟ್ಟಿದ್ದೆ. ಸಾರ್, ನೀವು ಬೈದ್ರೆ ಒಂದು ಗಂಟೆ ಬೈತೀರಿ, ಗಂಟಲು ನೋಯುತ್ತೆ, ಹೋಗ್ತೀರಿ. ನಾನು ಮಾತು ತಪ್ಪಿದೆ ಅಂದ್ರೆ ನಾಳೆಯಿಂದ ಈ ಬೀದಿಲಿ ಯಾರೂ ತಮ್ಮ ಮೆಷಿನ್ನ ನನ್ನ ಕೈಗೆ ಕೊಡಲ್ಲ. ಒಳಗೆ ಯಾರ್ಯಾರ ಏನೇನು ಇರುತ್ತೋ!”

ಸ್ಟೂಲಿನವರು ತಮ್ಮ ಪ್ರಿಂಟರನ್ನು ಅವಸರದಲ್ಲಿ ಎತ್ತಿ ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಗೋಡೆಯ ಮೇಲೆ ‘ಪೊಟ್ಟಣ ಒಡೆದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ಇತ್ತು. ಯಜಮಾನರು ಅದನ್ನು ಓದಿ, ಹಸಿರು ಕಡ್ಡಿಯನ್ನು ಸದ್ದಿಲ್ಲದೆ ಜೇಬಿಗಿಟ್ಟುಕೊಳ್ಳಲು ಹೋದರು. ನಿಯಮ ಎಂದರೆ ನಿಯಮ. ಅಂಗಡಿಯವರು ಕೈಚಾಚಿ ಅದನ್ನು ಕಿತ್ತುಕೊಂಡರು. “ಬೋರ್ಡು ಹಾಕಿದೋನು ನಾನು ಸಾರ್. ನನಗೂ ಒಂದು ದಿನ ಕಣ್ಣು ಕಾಣಲ್ಲ,” ಎಂದು ಡಬ್ಬಿಯೊಂದನ್ನು ಕೆದಕಿ ಹಳೆಯ ಜಾತಿಯ ಕಡ್ಡಿ ಹುಡುಕಿದರು. ನಮ್ಮ ಜೊತೆ ಮನೆಗೇ ಬಂದು, ಜೇಬಿನಲ್ಲಿದ್ದ ಒಂದೇ ತಲೆಯ ಸ್ಕ್ರೂಡ್ರೈವರಿನಿಂದ ಎರಡು ನಿಮಿಷದಲ್ಲಿ ಕೂರಿಸಿ, ಮೂವತ್ತೆರಡು ತಲೆಯ ಪೆಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡದೆ, ಚಹಾ ಕುಡಿದು ಹೋದರು.

ಹುಳುಗಳು ಹಾರಿದವು! ಜೀರುಂಡೆ ಮೀಸೆ, ಮೈ, ಕಾಲು ಎಲ್ಲ ಸಮೇತ ಒಂದೇ ಸಲಕ್ಕೆ ಬಂತು. ಮಗಳ ಜಡೆ ಎರಡು ದಿನ ಕೆದರಿಕೊಂಡೇ ಇತ್ತು. ಸೋಮವಾರ ಹತ್ತೂ ಐವತ್ತಕ್ಕೆ ನಲವತ್ತು ಪುಟ ಕಳಿಸಿದೆ. ಸಂಜೆ ಪ್ರಕಾಶಕಿಯ ಉತ್ತರ: “ಮಿಡತೆಯ ಪುಟ ಬಹಳ ಚೆನ್ನಾಗಿದೆ. ಮುಂದಿನದು ಹಕ್ಕಿಗಳು. ಒಪ್ಪಿಗೆಯೇ?” ನಾನು ಅಡುಗೆಮನೆಯಲ್ಲೇ ಕುಣಿದೆ, ಒಲೆಯಿಂದ ದೂರದಲ್ಲಿ.

ಆದರೆ ಯಜಮಾನರು ಮಾತಾಡುತ್ತಿರಲಿಲ್ಲ. ತನಿಖೆಯಿಲ್ಲ, ಪ್ರಶ್ನೆಯಿಲ್ಲ, ಒಲೆಯ ಎತ್ತರ ಅಳೆಯಲಿಲ್ಲ. ಉಪ್ಪು ಬೇಕಿದ್ದರೂ ಮಗಳ ಮೂಲಕ ಕೇಳುತ್ತಿದ್ದರು. ಅವರು ನೋಟುಬುಕ್ಕು ತೆಗೆಯಲಿ ಎಂದು ನಾನು ಹಂಬಲಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಬುಧವಾರ ಕಚೇರಿಯಿಂದ ಬಂದವರ ಕೈಯಲ್ಲಿ ಒಂದು ಕಡತ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮೇಜಿನ ಆಚೆ ಬದಿಗೆ ಕೂತರು. ಕೆಮ್ಮಿದರು.

“ಶನಿವಾರ ಸಿಟ್ಟಲ್ಲಿ ಫೋನಿಂದ ಒಂದು ದೂರು ಕಳಿಸಿದ್ದೆನಲ್ಲ…”

“ಹಿಂದಕ್ಕೆ ತಗೊಳ್ಳಲಿಲ್ವೇನ್ರೀ?”

“ಆಗಲ್ಲ ಕಣೇ. ನಂಬರು ಬಿದ್ದಿದೆ. ನಂಬರು ಬಿದ್ದ ಮೇಲೆ ತನಿಖೆ ಮಾಡಿಯೇ ಮುಗಿಸ್ಬೇಕು. ಆ ಬೀದಿ ಯಾರ ವ್ಯಾಪ್ತಿಗೆ ಬರುತ್ತೋ ಅವರಿಗೇ ಕಡತ ಹೋಗುತ್ತೆ.”

“ಯಾರ ವ್ಯಾಪ್ತಿಗೆ ಬರುತ್ತೆ?”

“ನಂದೇ.”

ನನಗೆ ನಗು ಬಂತು. ಕೆಳದುಟಿ ಕಚ್ಚಿ ಹಿಡಿದೆ.

“ನಮ್ಮ ದೊಡ್ಡ ಸಾಹೇಬ್ರು ಇಡೀ ಕಚೇರಿ ಮುಂದೆ ನಕ್ರು. ‘ದೂರು ಕೊಟ್ಟೋನು, ತನಿಖೆ ಮಾಡೋನು, ತಪ್ಪು ಮಾಡ್ದೋರು, ಮೂರೂ ಜನ ಒಂದೇ ಮನೇಲಿದೀರಿ. ಇಲಾಖೆಗೆ ಪ್ರಯಾಣ ಭತ್ಯೆ ಉಳೀತು’ ಅಂದ್ರು. ಅಂಗಡಿಯವನ ಹೆಸರು ಕಡತದಲ್ಲಿ ಹಾಗೇ ಉಳಿದ್ರೆ ವರ್ಷಕ್ಕೊಂದು ಸಲ ಅವನಿಗೆ ನೋಟೀಸು ಹೋಗ್ತಾನೇ ಇರುತ್ತೆ. ಪಾಪ, ಅವನ ಹೆಸರು ತೆಗೀಬೇಕು.” ಸ್ವಲ್ಪ ತಡೆದು, ಮದುವೆಯಾದ ಹೊಸತರಲ್ಲಿ ಸಿನಿಮಾಕ್ಕೆ ಕರೆಯುತ್ತಿದ್ದ ದನಿಯಲ್ಲಿ ಹೇಳಿದರು: “ನಿನ್ನಿಂದ ಒಂದು ಉಪಕಾರ ಆಗ್ಬೇಕಲ್ಲೇ.”

ನಾಲ್ಕು ದಿನದ ಮೇಲೆ ಕೇಳಿದ ದನಿ! ನಾನು ಕರಗಿ ನೀರಾದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ. “ಒಂದೇನು, ಹತ್ತು ಕೇಳ್ರೀ. ಆ ಅಣ್ಣನಿಗೋಸ್ಕರ, ನಿಮಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ.”

ಅವರು ಕಡತ ಬಿಚ್ಚಿ ಒಂದು ಖಾಲಿ ನಮೂನೆಯನ್ನು ನನ್ನ ಮುಂದಕ್ಕೆ ಸರಿಸಿದರು.

“‘ಲೇಬಲ್ ಇದ್ದ ಭಾಗವನ್ನು ಬದಲಾಯಿಸಿ ಮಾಹಿತಿ ಮರೆಮಾಚಿದವರ ತಪ್ಪೊಪ್ಪಿಗೆ ಹೇಳಿಕೆ.’ ಒಲೆಯಿಂದ ಶುರುಮಾಡು, ಸೋಪನ್ನ ಬಿಡ್ಬೇಡ. ಕೆಳಗೆ ನಿನ್ನ ಸಹಿ. ನಮ್ಮ ಕಚೇರಿ ಟೈಪಿಸ್ಟು ರಜದಲ್ಲಿದಾರೆ, ಅದಕ್ಕೆ ನೀನೇ ಟೈಪ್ ಮಾಡಿ, ಆ ಮಿಡತೆ ಪುಟದ ಹಾಗೆ ಚೆಂದವಾಗಿ ಜೋಡಿಸಿ, ಮೂರು ಪ್ರತಿ ತೆಗೆದುಕೊಟ್ಬಿಡು. ಹೇಗೂ ಲ್ಯಾಪ್‌ಟಾಪ್ ಈಗ ಕುದುರೆ ಹಾಗೆ ಓಡ್ತಿದೆಯಲ್ಲ!”